ಫುಟ್‌ಬಾಲ್, ಮಂಡಿಯ ಗಾಯ ಮತ್ತು ಕೃತಕ ಹುಲ್ಲಿನ ಮೈದಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಮುಗಿಸಿ, ಗಂಟೆಯ ಲೆಕ್ಕದಲ್ಲಿ ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ, ಬುಕ್ ಮಾಡಿ, ಐದೈದು ಜನರ ತಂಡ ಕಟ್ಟಿಕೊಂಡು ರಾತ್ರಿಯ ದೀಪದಡಿ ಫುಟ್‌ಬಾಲ್ ಆಡುವ ರೂಢಿ ಬೆಂಗಳೂರಿನಲ್ಲಿ ಬೇರೂರಿ ಈಗ ರಾಜ್ಯದ ಇತರ ನಗರಗಳಿಗೂ ಹಬ್ಬಿದೆ. ಅದರ ಜೊತೆಗೇ ಮಂಡಿಯ ಮೂಳೆಗಳನ್ನು ಜೋಡಿಸುವ ಲಿಗಮೆಂಟ್ ಹರಿದುಕೊಂಡವರ ಸುದ್ದಿಯೂ ಆಟಗಾರರ ನಡುವೆ ಸಾಮಾನ್ಯವಾಗಿದೆ. ತಪ್ಪೆಲ್ಲ ಟರ್ಫಿನದು ಎನ್ನುವವರೂ ಇದ್ದಾರೆ, ಟರ್ಫಿಗೂ ಮಂಡಿಗೂ ಸಂಬಂಧವೇ ಇಲ್ಲ ಎನ್ನುವವರೂ ಇದ್ದಾರೆ. ಆಟಗಾರರು, ಪೋಷಕರು, ತರಬೇತುದಾರರು ಮತ್ತು ಮೈದಾನ ನಡೆಸುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ಕೃತಕ ಹುಲ್ಲಿನ ಮೇಲೆ ಆಡಿದರೆ ಮಂಡಿ ಹಾಳಾಗುತ್ತದೆ ಎನ್ನುತ್ತಾರಲ್ಲ, ಅದು ನಿಜವೇ?

ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನಲು ಬರುವುದಿಲ್ಲ. ಸರಿಯಾಗಿ ಹಾಸಿ, ನಿಯಮಿತವಾಗಿ ನೋಡಿಕೊಂಡ ಇಂದಿನ ಕೃತಕ ಹುಲ್ಲಿನ ಮೇಲೆ ಫುಟ್‌ಬಾಲ್ ಆಡುವ ಪುರುಷರ ಮಂಡಿಗೆ ಸಹಜ ಹುಲ್ಲಿಗಿಂತ ಹೆಚ್ಚಿನ ಅಪಾಯವಿದೆ ಎಂಬುದು ಸಾಬೀತಾಗಿಲ್ಲ. ಮಹಿಳೆಯರ ವಿಷಯದಲ್ಲಿ ಎಚ್ಚರ ವಹಿಸಲು ಕಾರಣಗಳಿವೆ. ಆದರೆ ಹಳೆಯದಾಗಿ ಸವೆದ, ಕಾಂಕ್ರೀಟಿನ ಮೇಲೆ ನೇರವಾಗಿ ಹಾಸಿದ, ಹಾಸಿದ ದಿನದಿಂದ ಯಾರೂ ಅಳತೆ ಮಾಡದ ಟರ್ಫಿನ ಬಗ್ಗೆ ಈವರೆಗಿನ ಅಧ್ಯಯನಗಳು ಯಾವ ಭರವಸೆಯನ್ನೂ ಕೊಡುವುದಿಲ್ಲ, ಏಕೆಂದರೆ ಅವು ನಡೆದದ್ದು ಅಂಥ ನೆಲದ ಮೇಲಲ್ಲ. ನಮ್ಮಲ್ಲಿ ವಾರಕ್ಕೊಮ್ಮೆ ಆಡುವ ಅನೇಕರಿಗೆ ಸಿಗುವುದು ಈ ಕೊನೆಯ ಬಗೆಯ ನೆಲವೇ ಆದ್ದರಿಂದ, ಹುಲ್ಲು ಯಾವುದು ಎಂದು ಕೇಳುವುದಕ್ಕಿಂತ ಬೂಟಿಗೂ ನೆಲಕ್ಕೂ ನಡುವೆ ಹಿಡಿತ ಎಷ್ಟಿದೆ, ಆ ಹಿಡಿತವನ್ನು ತಾಳಿಕೊಳ್ಳಲು ಕಾಲು ಸಿದ್ಧವಾಗಿದೆಯೇ ಎಂದು ಕೇಳುವುದೇ ಹೆಚ್ಚು ಉಪಯುಕ್ತ.

ಮಂಡಿಯೊಳಗೆ ಹರಿಯುವುದು ಏನು?

ಮಂಡಿ ಬಾಗಿಲಿನ ತಿರುಗಣಿಯಂತೆ ಒಂದೇ ದಿಕ್ಕಿನಲ್ಲಿ ಮಡಚುತ್ತದೆ ಎಂದು ತೋರಿದರೂ ಒಳಗೆ ಅದು ತುಸು ಜಾರುತ್ತದೆ, ತುಸು ತಿರುಗುತ್ತದೆ. ಈ ಜಾರುವಿಕೆ ಮಿತಿಮೀರದಂತೆ ನಾಲ್ಕು ಮುಖ್ಯ ಲಿಗಮೆಂಟುಗಳು ತೊಡೆಮೂಳೆಯನ್ನು ಮೊಳಕಾಲ ಮೂಳೆಗೆ ಬಿಗಿದಿಟ್ಟಿವೆ: ಎರಡು ಪಕ್ಕಗಳಲ್ಲಿ, ಎರಡು ಸಂಧಿಯ ನಡುವೆ ಒಂದನ್ನೊಂದು ಅಡ್ಡ ಹಾಯ್ದು. ಒಳಗಿನ ಎರಡರಲ್ಲಿ ಮುಂದಿನದೇ ಎಲ್ಲರ ಬಾಯಲ್ಲಿರುವ ಎಸಿಎಲ್. ಮೊಳಕಾಲ ಮೂಳೆ ಮುಂದಕ್ಕೆ ಜಾರದಂತೆ ಮತ್ತು ಅತಿಯಾಗಿ ತಿರುಚಿಕೊಳ್ಳದಂತೆ ತಡೆಯುವುದು ಅದರ ಕೆಲಸ. ಎರಡು ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೃದ್ವಸ್ಥಿಯ ಬಿಲ್ಲೆಗಳಿದ್ದು, ಅವಕ್ಕೆ ಮೆನಿಸ್ಕಸ್ ಎನ್ನುತ್ತಾರೆ. ಎಸಿಎಲ್ ಹರಿಯುವಾಗ ಮೆನಿಸ್ಕಸ್ ಕೂಡ ಸೀಳುವುದು, ಮೂಳೆಯೊಳಗೆ ಜಜ್ಜಿದ ಗುರುತು ಮೂಡುವುದು ಸಾಮಾನ್ಯ. ಪಕ್ಕದ ಲಿಗಮೆಂಟುಗಳು ಪಟ್ಟಿ ಮತ್ತು ವಿಶ್ರಾಂತಿಯಿಂದಲೇ ಬಹುಮಟ್ಟಿಗೆ ಕೂಡಿಕೊಳ್ಳುತ್ತವೆ. ಪೂರ್ತಿ ತುಂಡಾದ ಎಸಿಎಲ್ ಹಾಗೆ ಕೂಡಿಕೊಳ್ಳುವುದು ಅಪರೂಪ. ಫುಟ್‌ಬಾಲ್ ಆಟಗಾರರು ಈ ಗಾಯಕ್ಕೆ ಹೆದರುವುದು ಅದಕ್ಕಾಗಿಯೇ.

ಯಾರೂ ಮುಟ್ಟದೆಯೇ ಮಂಡಿ ಹೇಗೆ ಹರಿಯುತ್ತದೆ?

ಅನೇಕರು ನಂಬದ ಸಂಗತಿಯಿದು, ಆದರೂ ನಿಜ. ಇಟಲಿಯ ವೃತ್ತಿಪರ ಫುಟ್‌ಬಾಲಿನಲ್ಲಿ ಆದ 134 ಎಸಿಎಲ್ ಗಾಯಗಳ ವಿಡಿಯೊಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂಡಿಗೇ ನೇರವಾಗಿ ಪೆಟ್ಟು ಬಿದ್ದು ಆದ ಗಾಯಗಳು ಶೇ 12 ಮಾತ್ರ. ಉಳಿದವುಗಳಲ್ಲಿ ಅರ್ಧದಷ್ಟು ಯಾರ ಸ್ಪರ್ಶವೂ ಇಲ್ಲದೆ ಆದವು. ಇನ್ನರ್ಧ ಭುಜಕ್ಕೋ ಸೊಂಟಕ್ಕೋ ತಾಗಿ ಸಮತೋಲ ತಪ್ಪಿದಾಗ ಆದವು. ಚೆಂಡು ಕಾಲಲ್ಲಿರುವ ಎದುರಾಳಿಯತ್ತ ನುಗ್ಗಿ, ಆತ ದಿಕ್ಕು ಬದಲಿಸಿದ ಕೂಡಲೇ ತಾನೂ ತಿರುಗಲು ಹೋಗುವ ಆಟಗಾರನೇ ಹೆಚ್ಚಾಗಿ ಗಾಯಗೊಳ್ಳುವವನು.

ಆ ಕ್ಷಣವನ್ನು ನಿಧಾನಗತಿಯಲ್ಲಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಓಟದ ವೇಗವನ್ನು ತಡೆಯಲು ಆಟಗಾರ ಒಂದು ಕಾಲನ್ನು ದೇಹದಿಂದ ದೂರ ಪಕ್ಕಕ್ಕೆ ಊರುತ್ತಾನೆ. ಮಂಡಿ ಬಹುತೇಕ ನೇರವಾಗಿರುತ್ತದೆ, ಮೈಭಾರ ಆ ಕಾಲಿನ ಮೇಲೆ ಬೀಳುತ್ತದೆ, ಮುಂಡ ಇನ್ನೊಂದು ಕಡೆಗೆ ತಿರುಗುತ್ತದೆ. ಪಾದ ಮಾತ್ರ ಊರಿದಲ್ಲೇ ಕಚ್ಚಿಕೊಂಡಿರುತ್ತದೆ. ಆಗ ಮಂಡಿ ಒಳಕ್ಕೆ ಕುಸಿದು, ಮೊಳಕಾಲ ಮೂಳೆ ಮುಂದಕ್ಕೆ ತಳ್ಳಲ್ಪಟ್ಟು, ಲಿಗಮೆಂಟು ತುಂಡಾಗುತ್ತದೆ. ಹ್ಯಾಂಡ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ವಿಡಿಯೊಗಳ ವಿಶ್ಲೇಷಣೆಯಂತೆ ಇದೆಲ್ಲ ಪಾದ ನೆಲಕ್ಕೆ ತಾಗಿದ ಸುಮಾರು 40 ಮಿಲಿಸೆಕೆಂಡುಗಳೊಳಗೆ ಮುಗಿದಿರುತ್ತದೆ. ಅಪಾಯವನ್ನು ಗ್ರಹಿಸಿ ಸ್ನಾಯು ಬಿಗಿಹಿಡಿಯಲು ಅಷ್ಟು ಸಮಯ ಸಾಲದು. ಆದ್ದರಿಂದ ರಕ್ಷಣೆಗೆ ಎರಡೇ ದಾರಿಗಳಿವೆ: ಕಾಲು ಊರುವ ಮೊದಲೇ ಸ್ನಾಯುಗಳು ಅಭ್ಯಾಸಬಲದಿಂದ ಸಿದ್ಧವಾಗಿರಬೇಕು, ಇಲ್ಲವೇ ನೆಲ ಸಕಾಲಕ್ಕೆ ಪಾದವನ್ನು ಬಿಟ್ಟುಕೊಡಬೇಕು.

ಕೃತಕ ಹುಲ್ಲುಗಳೆಲ್ಲ ಒಂದೇ ಬಗೆಯವೇ?

ಅಲ್ಲ. 1966ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಆಸ್ಟ್ರೊಡೋಮ್ ಕ್ರೀಡಾಂಗಣದಲ್ಲಿ ಹಾಸಿದ ಮೊದಲ ತಲೆಮಾರಿನ ಆಸ್ಟ್ರೊಟರ್ಫ್ ಗಿಡ್ಡ ನೈಲಾನ್ ಎಳೆಗಳ ಗಟ್ಟಿ ಜಮಖಾನೆಯಾಗಿತ್ತು. ಚಾವಣಿಯ ಪಾರದರ್ಶಕ ಫಲಕಗಳಿಂದ ಬೀಳುವ ಬೆಳಕು ಆಟಗಾರರ ಕಣ್ಣು ಕುಕ್ಕುತ್ತದೆ ಎಂದು ಅವಕ್ಕೆ ಬಣ್ಣ ಬಳಿದಾಗ ಒಳಗಿನ ನಿಜವಾದ ಹುಲ್ಲು ಸತ್ತು, ಅದರ ಜಾಗಕ್ಕೆ ಇದು ಬಂತು. ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬು 1981ರಲ್ಲಿ ಕೃತಕ ಹಾಸು ಹಾಕಿ, ಚೆಂಡು ಅತಿಯಾಗಿ ಪುಟಿಯುತ್ತದೆ, ಬಿದ್ದರೆ ಚರ್ಮ ಸುಟ್ಟಂತೆ ತರಚುತ್ತದೆ ಎಂಬ ದೂರುಗಳ ನಡುವೆ 1988ರಲ್ಲಿ ತೆಗೆಸಿತು. ಎರಡನೆಯ ತಲೆಮಾರಿನಲ್ಲಿ ಎಳೆಗಳ ನಡುವೆ ಮರಳು ತುಂಬಿದರು. ಈಗ ಫುಟ್‌ಬಾಲಿಗೆ ಬಳಸುವುದು 1990ರ ದಶಕದ ಕೊನೆಯಲ್ಲಿ ಬಂದ ಮೂರನೆಯ ತಲೆಮಾರಿನ ಹಾಸು: 40ರಿಂದ 65 ಮಿಲಿಮೀಟರ್ ಉದ್ದದ ಮೆದು ಎಳೆಗಳು, ಅವುಗಳ ಬುಡದಲ್ಲಿ ಮರಳು, ಮೇಲೆ ರಬ್ಬರ್ ಕಣಗಳು, ಅನೇಕ ಕಡೆ ಎಲ್ಲದರ ಕೆಳಗೆ ಆಘಾತ ಹೀರುವ ಪದರ. ಹಿರಿಯ ಆಟಗಾರರ ಮನಸ್ಸಿನಲ್ಲಿರುವ ಭಯಕ್ಕೆ ಹಳೆಯ ಹಾಸುಗಳ ಅನುಭವವೇ ಬಹುಮಟ್ಟಿಗೆ ಕಾರಣ, ಮತ್ತು ಆ ಅನುಭವ ಸುಳ್ಳಲ್ಲ.

ಅಧ್ಯಯನಗಳು ಒಂದೊಂದು ಕಡೆ ಒಂದೊಂದು ರೀತಿ ಹೇಳುವುದೇಕೆ?

ಅವು ಅಳೆದ ಆಟ, ಜನ ಮತ್ತು ನೆಲ ಬೇರೆ ಬೇರೆಯಾದ್ದರಿಂದ. ಯುರೋಪಿನ 10 ಅಗ್ರ ಕ್ಲಬ್ಬುಗಳ ಆಟಗಾರರನ್ನು ಹಿಂಬಾಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರನೆಯ ತಲೆಮಾರಿನ ಹುಲ್ಲಿನ ಮೇಲೆ ಒಟ್ಟು ಗಾಯಗಳು ಹೆಚ್ಚಾಗಿರಲಿಲ್ಲ. ಪಂದ್ಯಗಳಲ್ಲಿ ಪಾದದ ಕೀಲಿನ ಉಳುಕು ಹೆಚ್ಚಿತ್ತು, ಕಾಲಿನ ಸ್ನಾಯು ಸೆಳೆತ ಕಡಿಮೆಯಿತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಮಾಡಿದ ವಿಶ್ಲೇಷಣೆಯೂ ಫುಟ್‌ಬಾಲಿನಲ್ಲಿ ಒಟ್ಟಾರೆ ಗಾಯಗಳ ಪ್ರಮಾಣ ಕೃತಕ ಹುಲ್ಲಿನ ಮೇಲೆ ತುಸು ಕಡಿಮೆಯೇ ಇದೆ ಎಂದಿತು. ಆದರೆ ಒಟ್ಟಾರೆ ಗಾಯ ಬೇರೆ, ಎಸಿಎಲ್ ಬೇರೆ. ಹತ್ತು ಸಣ್ಣ ಸೆಳೆತಗಳು ಕಡಿಮೆಯಾಗಿ ಒಂದು ಮಂಡಿ ಹೆಚ್ಚು ಹರಿದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಆ ಒಬ್ಬರ ವರ್ಷ ಮಾತ್ರ ಕಳೆದುಹೋಗುತ್ತದೆ.

ಎಸಿಎಲ್ ಒಂದನ್ನೇ ತೆಗೆದುಕೊಂಡರೂ ಉತ್ತರಗಳು ಸೇರುವುದಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್, ಅಂದರೆ ಅಲ್ಲಿನವರು ಸಾಕರ್ ಎನ್ನುವ ನಮ್ಮ ಆಟದ, 2004ರಿಂದ 2014ರವರೆಗಿನ ದಾಖಲೆಗಳನ್ನು ನೋಡಿದ ಸಂಶೋಧಕರಿಗೆ ಸಹಜ ಹುಲ್ಲಿನ ಮೇಲೆಯೇ ಎಸಿಎಲ್ ಗಾಯದ ದರ ಹೆಚ್ಚು ಕಂಡಿತು. 2022ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ ಇನ್ನೊಂದು ತಂಡಕ್ಕೆ ಪುರುಷರಲ್ಲಿ ವ್ಯತ್ಯಾಸವಿಲ್ಲ, ಮಹಿಳೆಯರಲ್ಲಿ ಕೃತಕ ಹುಲ್ಲಿನ ಮೇಲೆ ಅಪಾಯ ಹೆಚ್ಚು ಎಂದು ಕಂಡಿತು. ಎಸಿಎಲ್ ಗಾಯ ಅಪರೂಪದ್ದಾದ್ದರಿಂದ ಒಂದು ತಂಡವನ್ನು ಒಂದು ಋತುವಿನುದ್ದಕ್ಕೂ ನೋಡಿದರೂ ಎಣಿಕೆಗೆ ಸಿಗುವುದು ಬೆರಳೆಣಿಕೆಯಷ್ಟು. ಅಷ್ಟು ಸಣ್ಣ ಸಂಖ್ಯೆಗಳಲ್ಲಿ ಆಕಸ್ಮಿಕದ ಪಾಲೂ ದೊಡ್ಡದು. ಇದಕ್ಕಿಂತ ಮುಖ್ಯವಾದ ಕೊರತೆಯೆಂದರೆ, ಇಂಥ ಅಧ್ಯಯನಗಳು ಸಾಮಾನ್ಯವಾಗಿ ನೆಲವನ್ನು ‘ಕೃತಕ’ ಮತ್ತು ‘ಸಹಜ’ ಎಂದು ಎರಡೇ ಪೆಟ್ಟಿಗೆಗಳಿಗೆ ಹಾಕುತ್ತವೆ. ಆ ದಿನ ಆ ನೆಲದ ಹಿಡಿತ ಎಷ್ಟಿತ್ತು, ಆಟಗಾರನ ಕಾಲಲ್ಲಿ ಯಾವ ಬೂಟಿತ್ತು ಎಂಬುದು ದಾಖಲಾಗಿರುವುದಿಲ್ಲ.

ಅಮೆರಿಕನ್ ಫುಟ್‌ಬಾಲ್ ಲೀಗಿನ ಅಂಕಿಅಂಶಗಳು ನಮಗೆ ಅನ್ವಯಿಸುತ್ತವೆಯೇ?

ನೇರವಾಗಿ ಅನ್ವಯಿಸುವುದಿಲ್ಲ. ಅದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ. ಅಲ್ಲಿನ ಎನ್‌ಎಫ್‌ಎಲ್ ಲೀಗಿನ 2012ರಿಂದ 2016ರವರೆಗಿನ ಋತುಗಳ ಅಧ್ಯಯನದಲ್ಲಿ ಕೃತಕ ಹುಲ್ಲಿನ ಮೇಲೆ ಕಾಲಿನ ಗಾಯಗಳು ಶೇ 16ರಷ್ಟು, ಯಾರೂ ಮುಟ್ಟದೆ ಆದ ಕಾಲಿನ ಗಾಯಗಳು ಶೇ 27ರಷ್ಟು ಹೆಚ್ಚಿದ್ದವು. ಜಾಲತಾಣಗಳಲ್ಲಿ ತಿರುಗುವ ಅಂಕಿಗಳು ಬಹುತೇಕ ಇವೇ. ಆದರೆ ಅಲ್ಲಿ ನೂರು ಕಿಲೋ ದಾಟಿದ ಆಟಗಾರರು ಬೇರೆ ಬಗೆಯ ಸ್ಟಡ್‌ಗಳ, ಅಂದರೆ ಅಡಿಯಲ್ಲಿ ನೆಲ ಕಚ್ಚುವ ಗುಬ್ಬಿಗಳ, ಬೂಟು ತೊಟ್ಟು ಬೇರೆಯದೇ ಚಲನೆಗಳನ್ನು ಮಾಡುತ್ತಾರೆ. ಆ ಆಟದಲ್ಲಿ ಕೃತಕ ಹುಲ್ಲು ಮಂಡಿಗೆ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಗಟ್ಟಿ ಆಧಾರಗಳಿವೆ. ಅದೇ ಅಂಕಿಯನ್ನು ನಮ್ಮ ಆಟಕ್ಕೆ ತಂದು ಅಂಟಿಸುವುದು ಸರಿಯಲ್ಲ. ದೇಹದ ತೂಕ ಮತ್ತು ನೆಲದ ಹಿಡಿತ ಹೆಚ್ಚಿದಷ್ಟೂ ತಿರುಚುವ ಬಲ ಪೂರ್ತಿಯಾಗಿ ಕಾಲಿಗೇ ಬೀಳುತ್ತದೆ ಎಂಬ ಪಾಠವನ್ನು ಮಾತ್ರ ನಾವೂ ತೆಗೆದುಕೊಳ್ಳಬಹುದು.

ಹಾಗಾದರೆ ಸಹಜ ಹುಲ್ಲು ಸುರಕ್ಷಿತವೇ?

ಅದಕ್ಕೂ ಭರವಸೆ ಕೊಡಲಾಗದು. 2023ರ ಮಹಿಳಾ ವಿಶ್ವಕಪ್ಪಿಗೆ ಮುನ್ನ ಆರ್ಸೆನಲ್ ಕ್ಲಬ್ಬಿನ ಬೆತ್ ಮೀಡ್, ವಿವಿಯಾನೆ ಮೀಡೆಮಾ ಮತ್ತು ಲಿಯಾ ವಿಲಿಯಮ್ಸನ್ ಕೆಲವೇ ತಿಂಗಳ ಅಂತರದಲ್ಲಿ ಎಸಿಎಲ್ ಹರಿದುಕೊಂಡು ಆ ಟೂರ್ನಿಯನ್ನೇ ಕಳೆದುಕೊಂಡರು. ಆ ಮೂವರೂ ಗಾಯಗೊಂಡದ್ದು ಇಂಗ್ಲೆಂಡಿನ ಉತ್ತಮ ಹುಲ್ಲಿನ ಮೈದಾನಗಳಲ್ಲಿ.

ಆಸ್ಟ್ರೇಲಿಯಾದಲ್ಲಿ ಅಲ್ಲಿನದೇ ಬಗೆಯ ಫುಟ್‌ಬಾಲ್ ಆಡುವ ವೃತ್ತಿಪರ ಆಟಗಾರರ ಮೇಲೆ ನಡೆದ ಸಂಶೋಧನೆ ನೆಲದ ಮಟ್ಟಿಗೆ ನಮಗೆ ಹೆಚ್ಚು ಹತ್ತಿರದ್ದು. ಅಲ್ಲಿ ಬೆಚ್ಚಗಿನ ಉತ್ತರ ಭಾಗದ ಒಣ, ಗಟ್ಟಿ ಮೈದಾನಗಳಲ್ಲಿ ಎಸಿಎಲ್ ಗಾಯಗಳು ಹೆಚ್ಚಿದ್ದವು, ಮತ್ತು ರೈ ಹುಲ್ಲಿಗಿಂತ ಬರ್ಮುಡಾ ಹುಲ್ಲಿನ ಮೇಲೆ ಹೆಚ್ಚಿದ್ದವು. ಬರ್ಮುಡಾ ಎಂದರೆ ನಮ್ಮ ಗರಿಕೆಯ ಜಾತಿಯೇ. ಅದರ ಕಾಂಡಗಳು ನೆಲದ ಮೇಲೆ ಹೆಣೆದುಕೊಂಡು ದಪ್ಪ ಪದರವಾಗುತ್ತವೆ, ಅದರಲ್ಲಿ ಸ್ಟಡ್‌ಗಳು ಸಿಕ್ಕಿಕೊಳ್ಳುತ್ತವೆ. ಬಿಸಿ ಪ್ರದೇಶಗಳಲ್ಲಿ ಚೆನ್ನಾಗಿ ಬೆಳೆಯುವ ಹುಲ್ಲು ಇದೇ ಆದ್ದರಿಂದ ನಮ್ಮ ದೇಶದ ಒಳ್ಳೆಯ ಮೈದಾನಗಳಲ್ಲೂ ಇದೇ ಇದೆ. ಬೇಸಿಗೆಯಲ್ಲಿ ನೀರು ಕಾಣದೆ ಕಲ್ಲಿನಂತಾದ ಶಾಲಾ ಮೈದಾನ, ಗುಂಡಿಬಿದ್ದ ಗೋಲಿನ ಬಾಯಿ, ಮಣ್ಣಿನಿಂದ ಮೇಲೆದ್ದ ಕಲ್ಲು, ಇವೆಲ್ಲ ಕೂಡ ‘ಸಹಜ ಮೈದಾನ’ ಎಂಬ ಹೆಸರಿನಲ್ಲೇ ಬರುತ್ತವೆ.

ಫಿಫಾದ ಗುಣಮಟ್ಟದ ಮುದ್ರೆ ಏನನ್ನು ಅಳೆಯುತ್ತದೆ?

ಕೃತಕ ಹುಲ್ಲಿಗೆ ಫಿಫಾ ಎರಡು ದರ್ಜೆಗಳ ಮುದ್ರೆ ಕೊಡುತ್ತದೆ: ಸಮುದಾಯ ಬಳಕೆಗೆ ‘ಫಿಫಾ ಕ್ವಾಲಿಟಿ’, ವೃತ್ತಿಪರ ಪಂದ್ಯಗಳಿಗೆ ‘ಫಿಫಾ ಕ್ವಾಲಿಟಿ ಪ್ರೊ’. ಚೆಂಡಿನ ಉರುಳಿಕೆ ಮತ್ತು ಪುಟಿತದ ಜೊತೆಗೆ ದೇಹಕ್ಕೆ ಸಂಬಂಧಿಸಿದ ಪರೀಕ್ಷೆಗಳೂ ಇವೆ. ಮಂಡಿಯ ದೃಷ್ಟಿಯಿಂದ ಮುಖ್ಯವಾದದ್ದು ತಿರುಗುವಿಕೆಗೆ ನೆಲ ಒಡ್ಡುವ ಪ್ರತಿರೋಧದ ಪರೀಕ್ಷೆ. ಸ್ಟಡ್‌ಗಳಿರುವ ಒಂದು ತಟ್ಟೆಯ ಮೇಲೆ ಸುಮಾರು 46 ಕಿಲೋ ಭಾರವಿಟ್ಟು ಹುಲ್ಲಿನಲ್ಲಿ ಊರಿ, ಅದನ್ನು ತಿರುಗಿಸಲು ಎಷ್ಟು ಬಲ ಬೇಕೆಂದು ಅಳೆಯುತ್ತಾರೆ. ವೃತ್ತಿಪರ ದರ್ಜೆಗೆ ಅದು ಸ್ಥೂಲವಾಗಿ 30ರಿಂದ 45 ನ್ಯೂಟನ್ ಮೀಟರಿನ ನಡುವೆ, ಸಮುದಾಯ ದರ್ಜೆಗೆ 25ರಿಂದ 50ರ ನಡುವೆ ಇರಬೇಕು. ಕಡಿಮೆಯಾದರೆ ಕಾಲು ಜಾರುತ್ತದೆ, ಹೆಚ್ಚಾದರೆ ಪಾದ ಸಿಕ್ಕಿಹಾಕಿಕೊಳ್ಳುತ್ತದೆ. ಆಘಾತ ಹೀರುವ ಗುಣವನ್ನು ಕಾಂಕ್ರೀಟಿಗೆ ಹೋಲಿಸಿ ಶೇಕಡಾವಾರು ಲೆಕ್ಕದಲ್ಲಿ ಅಳೆಯುತ್ತಾರೆ.

ಇಲ್ಲಿ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ಹುಲ್ಲಿನ ಸುರುಳಿ ಪ್ರಯೋಗಾಲಯದಲ್ಲಿ ಪಾಸಾಗುವುದು ಬೇರೆ, ಅದನ್ನು ಹಾಸಿದ ಮೈದಾನ ಪಾಸಾಗುವುದು ಬೇರೆ. ‘ಫಿಫಾ ದರ್ಜೆಯ ಟರ್ಫ್’ ಎಂದು ಫಲಕ ಹಾಕುವವರು ಅನೇಕ ವೇಳೆ ಹೇಳುತ್ತಿರುವುದು ಮೊದಲನೆಯದನ್ನು. ಮೈದಾನಕ್ಕೆ ಸಿಗುವ ಮುದ್ರೆಗೆ ಅವಧಿಯಿದೆ. ಪ್ರೊ ದರ್ಜೆಯದಾದರೆ ಪ್ರತಿ ವರ್ಷ ಮತ್ತೆ ಪರೀಕ್ಷೆಗೆ ಒಳಗಾಗಬೇಕು.

ಬಾಡಿಗೆ ಟರ್ಫ್ ಸುರಕ್ಷಿತವೇ ಎಂದು ಸಾಮಾನ್ಯ ಆಟಗಾರ ತಿಳಿಯುವುದು ಹೇಗೆ?

ಉಪಕರಣವಿಲ್ಲದೆಯೂ ಸಾಕಷ್ಟು ತಿಳಿಯುತ್ತದೆ. ಆಟ ಶುರುವಾಗುವ ಮುನ್ನ ಐದು ನಿಮಿಷ ಮೊದಲೇ ಬಂದು ಮೈದಾನವನ್ನು ಒಂದು ಸುತ್ತು ನಡೆದು ನೋಡಿ. ಗೋಲಿನ ಮುಂದೆ ಮತ್ತು ನಡುವೃತ್ತದಲ್ಲಿ ಎಳೆಗಳು ಒಂದೇ ಕಡೆಗೆ ಮಲಗಿ ಹೊಳೆಯುತ್ತಿದ್ದರೆ, ಕಪ್ಪು ರಬ್ಬರ್ ಕಣಗಳೆಲ್ಲ ಬಲೆಯ ಬುಡಕ್ಕೆ ಸರಿದು ಗುಡ್ಡೆಯಾಗಿದ್ದರೆ, ಆ ಜಾಗಗಳಲ್ಲಿ ಕಾಲಡಿಗೆ ಸಿಗುತ್ತಿರುವುದು ಬರೀ ಮರಳು ಮತ್ತು ಹಾಸಿನ ಬೆನ್ನು ಮಾತ್ರ ಎಂದರ್ಥ. ಹೆಬ್ಬೆರಳಿನಿಂದ ಎಳೆಗಳ ಬುಡವನ್ನು ಒತ್ತಿ ನೋಡಿ. ಕಣಗಳು ಬಿಡಿಬಿಡಿಯಾಗಿ ಸರಿಯಬೇಕು. ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಆ ನೆಲ ಆಘಾತವನ್ನೂ ಹೀರುವುದಿಲ್ಲ, ಸ್ಟಡ್‌ಗಳನ್ನೂ ಸರಿಯಾಗಿ ಬಿಡುವುದಿಲ್ಲ. ಅಂಚುಗಳನ್ನು ಅಂಟಿಸಿದ ಕೂಡುಗೆರೆಗಳು ಬಾಯಿಬಿಟ್ಟಿದ್ದರೆ ಬೂಟಿನ ತುದಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಹೆಜ್ಜೆ ಮೃದು, ಮುಂದಿನ ಹೆಜ್ಜೆ ಗಟ್ಟಿ ಎನ್ನಿಸುವ ಮೈದಾನ, ಒಂದೇ ಸಮನೆ ಗಟ್ಟಿಯಾಗಿರುವ ಮೈದಾನಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಕಾಲು ಯಾವುದಕ್ಕೂ ಹೊಂದಿಕೊಳ್ಳಲಾಗದು.

ಕಟ್ಟಡಗಳ ಮೇಲ್ಛಾವಣಿಯ ಟರ್ಫುಗಳಲ್ಲಿ ಕೆಳಗೆ ಆಘಾತ ಹೀರುವ ಪದರ ಇದೆಯೇ ಎಂದು ಮಾಲೀಕರನ್ನು ಕೇಳಲೇಬೇಕು. ಗೆರೆಗೂ ಬಲೆಯ ಕಂಬಕ್ಕೂ ನಡುವೆ ಓಟ ನಿಲ್ಲಿಸಲು ಜಾಗವಿರಬೇಕು. ಇಲ್ಲದಿದ್ದರೆ ಪ್ರತಿ ಓಟದ ಕೊನೆಯಲ್ಲೂ ಆಟಗಾರ ಗಕ್ಕನೆ ನಿಲ್ಲಲು ಅದೇ ಅಪಾಯದ ಭಂಗಿಯಲ್ಲಿ ಕಾಲೂರುತ್ತಾನೆ. ಸಣ್ಣ ಮೈದಾನದಲ್ಲಿ ತಿರುವುಗಳು ಹೆಚ್ಚು ಎಂಬುದೂ ನೆನಪಿರಲಿ.

ಯಾವ ಬೂಟು ಹಾಕಿಕೊಳ್ಳಬೇಕು?

ಆಟಗಾರನ ಕೈಯಲ್ಲೇ ಇರುವ, ಕೂಡಲೇ ಬದಲಿಸಬಹುದಾದ ಅಂಶ ಇದೊಂದೇ. ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಪ್ರೌಢಶಾಲಾ ಆಟಗಾರರ ಮೇಲೆ 1971ರಲ್ಲಿ ಪ್ರಕಟವಾದ ಅಧ್ಯಯನವೇ ಉದ್ದ ಸ್ಟಡ್‌ಗಳ ಬದಲು ಗಿಡ್ಡ, ಹೆಚ್ಚು ಸಂಖ್ಯೆಯ ಸ್ಟಡ್‌ಗಳ ಬೂಟು ಕೊಟ್ಟಾಗ ಮಂಡಿಯ ಗಾಯಗಳು ಇಳಿದದ್ದನ್ನು ತೋರಿಸಿತ್ತು. 1989ರಿಂದ 1991ರವರೆಗೆ ಅದೇ ಆಟದ 3,119 ಪ್ರೌಢಶಾಲಾ ಆಟಗಾರರನ್ನು ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ, ಅಂಚಿನ ಸುತ್ತ ಉದ್ದ ಸ್ಟಡ್‌ಗಳಿದ್ದ ಬೂಟು ತಿರುಗುವಿಕೆಗೆ ಹೆಚ್ಚು ಪ್ರತಿರೋಧ ಒಡ್ಡುತ್ತಿತ್ತು ಮತ್ತು ಅದನ್ನು ತೊಟ್ಟವರಲ್ಲಿ ಎಸಿಎಲ್ ಗಾಯಗಳೂ ಹೆಚ್ಚಿದ್ದವು.

ನಮ್ಮಲ್ಲಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಎಫ್‌ಜಿ ಎಂದು ಗುರುತಿಸಿದ, ಗಟ್ಟಿ ಹುಲ್ಲುನೆಲಕ್ಕೆಂದು ಮಾಡಿದ ಬೂಟು. ಅದನ್ನೇ ಎಲ್ಲ ಕಡೆಗೂ ತೊಡುತ್ತಾರೆ. ಅದರ ಬ್ಲೇಡಿನಾಕಾರದ ಸ್ಟಡ್‌ಗಳು ಕೃತಕ ಎಳೆಗಳಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಕಚ್ಚಿಕೊಳ್ಳಬಹುದು. ಪೂರ್ಣ ಪ್ರಮಾಣದ ಉದ್ದ ಎಳೆಯ ಟರ್ಫಿಗೆ ಎಜಿ ಎಂದು ಗುರುತಿಸಿದ, ಗಿಡ್ಡ ದುಂಡು ಸ್ಟಡ್‌ಗಳ ಬೂಟು ಒಳ್ಳೆಯದು. ಬಾಡಿಗೆಯ ಸಣ್ಣ ಟರ್ಫುಗಳಿಗೆ ಟಿಎಫ್ ಎಂದು ಗುರುತಿಸಿದ, ಅಡಿಯಲ್ಲಿ ಪುಟ್ಟ ರಬ್ಬರ್ ಗುಬ್ಬಿಗಳಿರುವ ಶೂ ಸಾಕು. ಹಿಡಿತ ಸ್ವಲ್ಪ ಕಡಿಮೆಯಾಗಿ ಒಮ್ಮೆ ಜಾರಿ ಬೀಳುವುದು ಪಾದ ಸಿಕ್ಕಿಕೊಳ್ಳುವುದಕ್ಕಿಂತ ಎಷ್ಟೋ ವಾಸಿ.

ಹುಡುಗಿಯರಿಗೆ ಮತ್ತು ಮಹಿಳೆಯರಿಗೆ ಅಪಾಯ ಹೆಚ್ಚೇ?

ಹೌದು. ಒಂದೇ ಬಗೆಯ ಆಟದಲ್ಲಿ ಮಹಿಳೆಯರಿಗೆ ಎಸಿಎಲ್ ಗಾಯವಾಗುವ ಸಂಭವ ಪುರುಷರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು. ಸೊಂಟದ ಅಗಲ, ಲಿಗಮೆಂಟಿನ ಗಾತ್ರ, ಹಾರ್ಮೋನುಗಳ ಏರಿಳಿತ ಎಂದು ದೇಹವನ್ನೇ ಕಾರಣವಾಗಿ ತೋರಿಸುವ ರೂಢಿಯಿದೆ. ಅವುಗಳ ಪಾತ್ರ ಇರಬಹುದು, ಆದರೆ ಅಷ್ಟಕ್ಕೇ ನಿಲ್ಲುವುದು ಅನ್ಯಾಯ. ಚಿಕ್ಕಂದಿನಿಂದ ಹುಡುಗರಿಗೆ ಸಿಗುವ ಶಕ್ತಿ ತರಬೇತಿ ಹುಡುಗಿಯರಿಗೆ ಸಿಗುವುದಿಲ್ಲ, ಬೂಟುಗಳು ಬಹುಪಾಲು ಪುರುಷರ ಪಾದದ ಅಳತೆಯಿಂದ ರೂಪುಗೊಂಡಿವೆ, ಒಳ್ಳೆಯ ಮೈದಾನ ಮತ್ತು ಒಳ್ಳೆಯ ಸಮಯ ಮೊದಲು ಹುಡುಗರ ತಂಡಕ್ಕೇ ಹೋಗುತ್ತದೆ. 2015ರಲ್ಲಿ ಕೆನಡಾದಲ್ಲಿ ನಡೆದ ಮಹಿಳಾ ವಿಶ್ವಕಪ್ಪನ್ನು ಪೂರ್ತಿ ಕೃತಕ ಹುಲ್ಲಿನ ಮೇಲೆ ಆಡಿಸಲು ಹೊರಟಾಗ, ಪುರುಷರ ವಿಶ್ವಕಪ್ಪನ್ನು ಎಂದೂ ಹಾಗೆ ಆಡಿಸಿಲ್ಲವೆಂದು ಅಮೆರಿಕದ ಆ್ಯಬಿ ವಾಂಬಾಕ್ ಮತ್ತು ಇತರ ಆಟಗಾರ್ತಿಯರು 2014ರಲ್ಲಿ ಒಂಟಾರಿಯೊದ ಮಾನವ ಹಕ್ಕು ನ್ಯಾಯಮಂಡಳಿಗೆ ದೂರು ಕೊಟ್ಟರು. ಮರುವರ್ಷ ಜನವರಿಯಲ್ಲಿ ದೂರನ್ನು ಹಿಂಪಡೆದು ಅದೇ ಹಾಸಿನ ಮೇಲೆ ಆಡಿದರು. ಅವರು ಎತ್ತಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಗಾಯ ತಡೆಯಲು ವ್ಯಾಯಾಮ ನಿಜಕ್ಕೂ ಕೆಲಸ ಮಾಡುತ್ತದೆಯೇ?

ಈ ಪುಟದಲ್ಲಿರುವ ಎಲ್ಲ ಸಲಹೆಗಳಲ್ಲಿ ಅತ್ಯಂತ ಬಲವಾದ ಆಧಾರವಿರುವುದು ಇದಕ್ಕೆ. ‘ಫಿಫಾ 11+’ ಎಂಬ ಸುಮಾರು 20 ನಿಮಿಷಗಳ ಕಾರ್ಯಕ್ರಮದಲ್ಲಿ 15 ವ್ಯಾಯಾಮಗಳಿವೆ: ನಿಧಾನ ಓಟದಿಂದ ಶುರುವಾಗಿ, ಹಲಗೆಯಂತೆ ಮೈ ನೇರವಾಗಿ ಹಿಡಿಯುವುದು, ಒಂಟಿಕಾಲಿನ ಸಮತೋಲ, ತೊಡೆಯ ಹಿಂಭಾಗದ ಸ್ನಾಯುವಿಗೆ ನಾರ್ಡಿಕ್ ವ್ಯಾಯಾಮ, ಜಿಗಿದು ಮೆತ್ತಗೆ ಇಳಿಯುವುದು, ಓಡುತ್ತ ದಿಕ್ಕು ಬದಲಿಸುವುದು. ನಾರ್ವೆಯಲ್ಲಿ 125 ಕ್ಲಬ್ಬುಗಳ 13ರಿಂದ 17 ವರ್ಷದ ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನು ಮಾಡಿದವರ ಗಂಭೀರ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು.

ವಾರಕ್ಕೆ ಎರಡು ಸಲವಾದರೂ ಮಾಡಬೇಕು, ಮತ್ತು ಮಾಡುವಾಗ ಮಂಡಿ ಒಳಕ್ಕೆ ವಾಲದೆ ಪಾದದ ನೇರಕ್ಕೆ ಇರಬೇಕು. ಯಾರಾದರೊಬ್ಬರು ಎದುರು ನಿಂತು ಅದನ್ನು ನೋಡಿ ತಿದ್ದಬೇಕು. ಬಾಡಿಗೆ ಟರ್ಫಿನಲ್ಲಿ ಇದಕ್ಕೆ ಅಡ್ಡಿಯಾಗುವುದು ಗಡಿಯಾರ. ಒಂದು ಗಂಟೆಗೆ ಹಣ ಕೊಟ್ಟಿರುವಾಗ 20 ನಿಮಿಷ ವ್ಯಾಯಾಮಕ್ಕೆ ಕಳೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ದಿನವಿಡೀ ಕುರ್ಚಿಯಲ್ಲಿ ಕುಳಿತು, ಬೈಕಿನಿಂದಿಳಿದು, ಬೂಟಿನ ದಾರ ಕಟ್ಟಿಕೊಂಡವರೇ ಪೂರ್ಣ ವೇಗದಲ್ಲಿ ಓಡುತ್ತಾರೆ. ಟರ್ಫಿನ ಮಾಲೀಕರು ಬುಕಿಂಗಿಗೆ ಮುನ್ನ ಹೊರಗಿನ ಪಟ್ಟಿಯಲ್ಲಿ 15 ನಿಮಿಷ ಉಚಿತವಾಗಿ ಬಿಟ್ಟುಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಮಂಡಿ ತಿರುಚಿದ ಕೂಡಲೇ ಏನು ಮಾಡಬೇಕು?

ಆಟ ನಿಲ್ಲಿಸಬೇಕು. ಒಳಗೆ ‘ಟಪ್’ ಎಂದ ಸದ್ದು ಅಥವಾ ಅನುಭವ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುವುದು, ಕಾಲೂರಿದಾಗ ಮಂಡಿ ಕೈಕೊಟ್ಟಂತಾಗುವುದು ಎಸಿಎಲ್ ಹರಿದಿರುವ ಪ್ರಬಲ ಸೂಚನೆಗಳು. ಮಂಡಿ ಪೂರ್ತಿ ನೇರವಾಗದೆ ಸಿಕ್ಕಿಕೊಂಡಂತಿದ್ದರೆ ಮೆನಿಸ್ಕಸ್ ಅಡ್ಡ ಬಂದಿರಬಹುದು, ತಡಮಾಡದೆ ತೋರಿಸಬೇಕು. ನೋವು ಕೆಲವು ನಿಮಿಷಗಳಲ್ಲಿ ಇಳಿದು ನಡೆಯಲು ಸಾಧ್ಯವಾಗುವುದರಿಂದ ಅನೇಕರು ಮತ್ತೆ ಆಟಕ್ಕಿಳಿಯುತ್ತಾರೆ, ಮತ್ತು ಉಳಿದಿದ್ದ ಮೆನಿಸ್ಕಸ್ಸನ್ನೂ ಆಗ ಹಾಳುಮಾಡಿಕೊಳ್ಳುತ್ತಾರೆ. ಕಾಲನ್ನು ಎತ್ತರದಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಎಲಾಸ್ಟಿಕ್ ಪಟ್ಟಿ ಕಟ್ಟಿ ಮೂಳೆ ವೈದ್ಯರಲ್ಲಿಗೆ ಹೋಗಿ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು, ಎಳೆದು ‘ಕೂರಿಸುವುದು’ ಬೇಡ. ಎಕ್ಸ್‌ರೇಯಲ್ಲಿ ಲಿಗಮೆಂಟು ಕಾಣುವುದಿಲ್ಲ. ಅನುಭವಿ ವೈದ್ಯರ ಕೈಪರೀಕ್ಷೆ ಮತ್ತು ಎಂಆರ್‌ಐ ಸೇರಿ ನಿರ್ಣಯಕ್ಕೆ ಬರುತ್ತವೆ.

ಎಸಿಎಲ್ ಹರಿದರೆ ಶಸ್ತ್ರಚಿಕಿತ್ಸೆ ಅನಿವಾರ್ಯವೇ? ಮತ್ತೆ ಆಡುವುದು ಯಾವಾಗ?

ಎಲ್ಲರಿಗೂ ಅನಿವಾರ್ಯವಲ್ಲ. 121 ಯುವ, ಸಕ್ರಿಯ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿ 2010ರಲ್ಲಿ ಪ್ರಕಟಿಸಿದ ಸ್ವೀಡನ್ನಿನ ಪ್ರಯೋಗದಲ್ಲಿ, ಮೊದಲು ಫಿಸಿಯೊಥೆರಪಿ ಮಾಡಿ ಅಗತ್ಯ ಬಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಸ್ಥಿತಿ, ಆರಂಭದಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗಿಂತ ಕೆಟ್ಟದಾಗಿರಲಿಲ್ಲ. ಮೊದಲ ಗುಂಪಿನ ಸುಮಾರು ಅರ್ಧ ಜನಕ್ಕೆ ಐದು ವರ್ಷಗಳಾದರೂ ಶಸ್ತ್ರಚಿಕಿತ್ಸೆ ಬೇಕಾಗಿರಲಿಲ್ಲ. ಸ್ಪರ್ಧಾತ್ಮಕ ಫುಟ್‌ಬಾಲಿಗೆ ಮರಳಲೇಬೇಕೆನ್ನುವವರು, ಮಂಡಿ ಪದೇ ಪದೇ ಕೈಕೊಡುವವರು, ದುರಸ್ತಿ ಮಾಡಬಹುದಾದ ಮೆನಿಸ್ಕಸ್ ಸೀಳಿರುವವರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯತ್ತ ಹೋಗುತ್ತಾರೆ.

ಮರಳುವ ವಿಷಯದಲ್ಲಿ ಆತುರ ದುಬಾರಿ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳೂ ಮರುಗಾಯದ ದರವನ್ನು ಅರ್ಧದಷ್ಟು ತಗ್ಗಿಸಿತು. ತಿಂಗಳು ಎಣಿಸಿದರಷ್ಟೇ ಸಾಲದು. ಗಾಯಗೊಂಡ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಶೇ 90ನ್ನಾದರೂ ಮುಟ್ಟಬೇಕು, ಒಂಟಿಕಾಲಿನ ಜಿಗಿತಗಳಲ್ಲೂ ಹಾಗೆಯೇ. 25ಕ್ಕಿಂತ ಕಡಿಮೆ ವಯಸ್ಸಿನವರು ಆಟಕ್ಕೆ ಮರಳಿದಾಗ ನಾಲ್ಕರಲ್ಲಿ ಒಬ್ಬರಿಗೆ ಹತ್ತಿರಹತ್ತಿರ ಅದೇ ಅಥವಾ ಇನ್ನೊಂದು ಮಂಡಿಯ ಎಸಿಎಲ್ ಮತ್ತೆ ಹರಿದದ್ದು ವರದಿಯಾಗಿದೆ. ಮೊದಲ ತಿಂಗಳುಗಳಲ್ಲಿ ಸಣ್ಣ ಟರ್ಫಿನ ಐದೈದು ಜನರ ಆಟಕ್ಕಿಂತ ದೊಡ್ಡ ಮೈದಾನದಲ್ಲಿ ಅಂತರ ಕಾಯ್ದುಕೊಂಡು ಆಡುವುದು ಮೇಲು.

ಬಿಸಿಲು ಮತ್ತು ರಬ್ಬರ್ ಕಣಗಳ ಬಗ್ಗೆ ಚಿಂತೆ ಬೇಕೇ?

ಬಿಸಿಲಿನ ಬಗ್ಗೆ ಖಂಡಿತ ಬೇಕು. ಬಿರುಬಿಸಿಲಿನಲ್ಲಿ ಕೃತಕ ಹುಲ್ಲಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ದಣಿದ ಕಾಲು ತಪ್ಪಾಗಿ ಊರುತ್ತದೆ, ಹಳೆಯ ಹಾಸುಗಳ ಮೇಲೆ ನಡೆದ ಪ್ರಯೋಗದಲ್ಲಿ ತಾಪ ಹೆಚ್ಚಿದಂತೆ ಬೂಟಿನ ಹಿಡಿತವೂ ಹೆಚ್ಚಿದ್ದು ಕಂಡಿದೆ. ನಡುಹಗಲಿನಲ್ಲಿ ಮಕ್ಕಳನ್ನು ಅದರ ಮೇಲೆ ಆಡಿಸಬಾರದು. ರಬ್ಬರ್ ಕಣಗಳ ವಿಷಯದಲ್ಲಿ, ನೆದರ್ಲೆಂಡ್ಸಿನ ಸರ್ಕಾರಿ ಆರೋಗ್ಯ ಸಂಸ್ಥೆ ಅಂಥ ಮೈದಾನದಲ್ಲಿ ಆಡುವುದು ಸುರಕ್ಷಿತ ಎಂದಿತು. ಯುರೋಪಿಯನ್ ಒಕ್ಕೂಟ 2023ರಲ್ಲಿ ಈ ಕಣಗಳ ಮಾರಾಟವನ್ನು 2031ರ ನಂತರ ನಿಷೇಧಿಸಲು ತೀರ್ಮಾನಿಸಿದ್ದು ಅವು ಮಣ್ಣು, ನೀರು ಸೇರುವ ಸೂಕ್ಷ್ಮ ಪ್ಲಾಸ್ಟಿಕ್ ಎಂಬ ಕಾರಣಕ್ಕೆ.

ದೊಡ್ಡ ಲೀಗುಗಳು ಕೃತಕ ಹುಲ್ಲನ್ನು ಬಿಡುತ್ತಿರುವುದು ಮಂಡಿಯ ಗಾಯಗಳಿಗಾಗಿಯೇ?

ಅದೊಂದೇ ಕಾರಣವಲ್ಲ. ನೆದರ್ಲೆಂಡ್ಸಿನ ಅಗ್ರ ಲೀಗ್ 2025–26ರಿಂದ, ಸ್ಕಾಟ್ಲೆಂಡಿನದು 2026–27ರಿಂದ ಕೃತಕ ಹುಲ್ಲನ್ನು ಕೈಬಿಡಲು ನಿರ್ಧರಿಸಿದವು. ಚೆಂಡಿನ ಓಟ, ಆಟಗಾರರ ಇಷ್ಟಾನಿಷ್ಟ, ಪ್ರಸಾರದಲ್ಲಿ ಕಾಣುವ ಅಂದ ಎಲ್ಲವೂ ಇದರಲ್ಲಿ ಸೇರಿವೆ. 2026ರ ವಿಶ್ವಕಪ್ಪಿಗೆ ಆಯ್ಕೆಯಾದ 16 ಕ್ರೀಡಾಂಗಣಗಳಲ್ಲಿ ಕೃತಕ ಹಾಸು ಇದ್ದ ಕಡೆಯೂ ಸಹಜ ಹುಲ್ಲು ಹಾಸಬೇಕೆಂಬ ಷರತ್ತು ಬಂತು. ಇತ್ತ ಉತ್ತರ ಧ್ರುವವೃತ್ತದ ಆಚೆಗಿರುವ ನಾರ್ವೆಯ ಬೋಡೊ ಗ್ಲಿಮ್ಟ್ ಕೃತಕ ಹುಲ್ಲಿನ ಮೇಲೆಯೇ ಯುರೋಪಿನ ದೊಡ್ಡ ತಂಡಗಳನ್ನು ಸೋಲಿಸಿದೆ, ಏಕೆಂದರೆ ಅಲ್ಲಿ ಹುಲ್ಲು ಬೆಳೆಯುವ ಕಾಲವೇ ಚಿಕ್ಕದು.

ನಮ್ಮ ದೇಶದಲ್ಲೂ ಎರಡೂ ದಾರಿಗಳ ಅನುಭವವಿದೆ. ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 2011ರಲ್ಲಿ ಹಾಸಿದ್ದ ಕೃತಕ ಹುಲ್ಲನ್ನು 2017ರ 17 ವರ್ಷದೊಳಗಿನವರ ವಿಶ್ವಕಪ್ಪಿಗೆ ಮುನ್ನ ಕಿತ್ತು ಬರ್ಮುಡಾ ಹುಲ್ಲು ಬೆಳೆಸಿದರು. ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಾದ 2013–14ರಲ್ಲಿ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹುಲ್ಲಿನ ಮೇಲೆ ಆಡಿ ಐ-ಲೀಗ್ ಗೆದ್ದು, ಬಳಿಕ ಕಂಠೀರವದ ಸಹಜ ಹುಲ್ಲಿಗೆ ಹೋಯಿತು. ಐಜ್ವಾಲ್ ಮತ್ತು ಶಿಲ್ಲಾಂಗ್‌ಗಳಲ್ಲಿ, ಸಮತಟ್ಟಾದ ಜಾಗ ಕಡಿಮೆಯಿದ್ದು ಮಳೆ ಅತಿಯಾಗಿರುವ ಕಡೆ, ಕೃತಕ ಹುಲ್ಲು ಇಲ್ಲದಿದ್ದರೆ ಇಷ್ಟು ಮಕ್ಕಳು ವರ್ಷವಿಡೀ ಆಡುವುದೇ ಸಾಧ್ಯವಿರಲಿಲ್ಲ.

ನಮ್ಮ ಶಾಲೆ ಅಥವಾ ಕ್ಲಬ್ಬು ಹೊಸದಾಗಿ ಟರ್ಫ್ ಹಾಸುತ್ತಿದೆ. ಏನು ಗಮನಿಸಬೇಕು?

ಖರ್ಚಿನ ಲೆಕ್ಕದಲ್ಲಿ ನಿರ್ವಹಣೆಯನ್ನು ಮೊದಲ ದಿನವೇ ಸೇರಿಸಿ. ಕೃತಕ ಹುಲ್ಲಿಗೆ ನಿರ್ವಹಣೆ ಬೇಡ ಎಂದು ಹೇಳಿ ಮಾರುವ ಗುತ್ತಿಗೆದಾರರ ಮಾತನ್ನು ನಂಬಬೇಡಿ. ವಾರವಾರವೂ ಬ್ರಷ್ ಎಳೆದು ಎಳೆಗಳನ್ನು ನಿಲ್ಲಿಸಬೇಕು, ಸರಿದ ಕಣಗಳನ್ನು ಮರಳಿ ಹರಡಬೇಕು, ಗೋಲಿನ ಮುಂದೆ ಕೊರತೆಯಾದದ್ದನ್ನು ತುಂಬಬೇಕು, ಹೆಪ್ಪುಗಟ್ಟಿದ ಭರ್ತಿಯನ್ನು, ಅಂದರೆ ಎಳೆಗಳ ನಡುವಿನ ಮರಳು ಮತ್ತು ಕಣಗಳನ್ನು, ಆಗಾಗ ಸಡಿಲಿಸಬೇಕು. ಚೆನ್ನಾಗಿ ನೋಡಿಕೊಂಡರೂ ಹಾಸಿನ ಆಯುಸ್ಸು ಸುಮಾರು 8ರಿಂದ 10 ವರ್ಷ. ಒಪ್ಪಂದಪತ್ರದಲ್ಲಿ ಹುಲ್ಲಿನ ಹೆಸರಿನ ಜೊತೆಗೆ ಆಘಾತ ಹೀರುವ ಪದರದ ದಪ್ಪ, ಭರ್ತಿಯ ಪ್ರಮಾಣ, ಹಾಸಿದ ಮೇಲೆ ಸ್ವತಂತ್ರ ಪ್ರಯೋಗಾಲಯದಿಂದ ಮೈದಾನದಲ್ಲೇ ಮಾಡಿಸುವ ಪರೀಕ್ಷೆ, ಎರಡು ವರ್ಷಗಳ ನಂತರದ ಮರುಪರೀಕ್ಷೆ ಇವನ್ನು ಬರೆಸಿಕೊಳ್ಳಿ, ಮತ್ತು ಕೊನೆಯ ಕಂತಿನ ಹಣವನ್ನು ಪರೀಕ್ಷೆಯ ವರದಿ ಕೈಸೇರುವವರೆಗೆ ತಡೆಹಿಡಿಯಿರಿ. ಮೈದಾನದಲ್ಲಿ ಆದ ಪ್ರತಿ ಗಾಯವನ್ನೂ ದಿನಾಂಕ, ಜಾಗ, ಬೂಟಿನ ಬಗೆ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ಮೂಲೆಯಲ್ಲಿ ಮೂರು ಮಕ್ಕಳ ಕಾಲು ತಿರುಚಿದ್ದರೆ ಆ ಮೂಲೆಯ ಹಾಸನ್ನು ಎತ್ತಿ ಕೆಳಗೇನಾಗಿದೆ ಎಂದು ಅಂದೇ ನೋಡಬೇಕು.